ತೆಂಗಿನ ಸಾಲಿನಲ್ಲಿ ಗೌಜಲ ಗೂಡು

ತಿಪಟೂರಿನಿಂದ ತುರುವೇಕೆರೆಗೆ ಹೋಗಲಿ, ಚಿಕ್ಕನಾಯಕನಹಳ್ಳಿಗೆ ಹೋಗಲಿ, ದಾರಿಯ ಎರಡೂ ಕಡೆ ತೆಂಗು ತಪ್ಪುವುದಿಲ್ಲ. ಇಲ್ಲಿನ ಬೇಸಾಯವೆಂದರೆ ಕಾಯುವುದು. ಅಟ್ಟಕ್ಕೆ ಏರಿಸಿದ ಕಾಯಿ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ವರ್ಷ ಕಾಯಬೇಕು. ಕೊಬ್ಬರಿಯಾದ ಮೇಲೆ ಬೆಲೆಗೆ ಕಾಯಬೇಕು. ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ 2024ರ ಹಂಗಾಮಿಗೆ ಕ್ವಿಂಟಲಿಗೆ 12,000 ರೂಪಾಯಿ, 2025ಕ್ಕೆ 12,100. ಒಂದಿಡೀ ವರ್ಷಕ್ಕೆ ನೂರು ರೂಪಾಯಿ ಏರಿಕೆ. ಇಂಥ ಸೀಮೆಯಲ್ಲಿ ಆರೇಳು ವಾರಕ್ಕೆಲ್ಲ ಮೊಟ್ಟೆಗೆ ಬರುವ ಹಕ್ಕಿಯೊಂದಿದೆ, ಅಂಗೈಯಷ್ಟು ಜಾಗ ಸಾಕು, ತೋಟದ ನೆರಳಲ್ಲೇ ಸಾಕಬಹುದು ಎಂದರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ಗೌಜಲಕ್ಕಿ ಸಾಕಣೆಯ ಮಾತು ತೆಂಗಿನ ತೋಟಕ್ಕೆ ಬಂದದ್ದು ಈ ಆಸೆಯ ಹಿಂದೆಯೇ. ಅದರಲ್ಲೂ ಈಗ ಹೆಚ್ಚು ಕೇಳುವುದು ಬಯಲುಗೂಡಿನ ಮಾತು. ನಾಲ್ಕು ಕಲ್ಲುಕಂಬ ನೆಟ್ಟು, ಸುತ್ತ ಮೆಶ್ ಬಿಗಿದು, ಒಂದು ಮಗ್ಗುಲಿಗೆ ಶೀಟು ಹೊದಿಸಿ, ಹಕ್ಕಿಯನ್ನು ಮಣ್ಣಿನ ನೆಲದ ಮೇಲೇ ಬಿಡುವ ಪದ್ಧತಿ ಅದು.

ಈ ಪದ್ಧತಿಯನ್ನು ಹೊಗಳುವವರು ಬಹಳ. ಪಂಜರಕ್ಕಿಂತ ಇದು ಮೇಲು ಎಂಬುದರಲ್ಲಿ ಅನುಮಾನವೂ ಇಲ್ಲ. ಆದರೆ ಯಾವ ಬಯಲುಗೂಡು, ಎಷ್ಟು ಹಕ್ಕಿಗೆ, ಯಾವ ನೆಲದ ಮೇಲೆ ಎಂದು ಕೇಳತೊಡಗಿದರೆ ಹೊಗಳಿಕೆ ಸ್ವಲ್ಪ ತಗ್ಗುತ್ತದೆ.

ಮೊದಲು ಹಕ್ಕಿಯ ಊರು ಕೇರಿ. ಸಾಕಲು ಸಿಗುವುದು ಜಪಾನಿ ಕ್ವೇಲ್. ರಾಗಿ ಹೊಲದ ಬದುವಿನಿಂದ ಬರ್ರನೆ ಎದ್ದು ಹಾರುವ ನಮ್ಮ ಕಾಡು ಗೌಜಲು ಬೇರೆ, ಇದು ಬೇರೆ. 1974ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಿಂದ ಉತ್ತರ ಪ್ರದೇಶದ ಇಜ್ಜತ್‌ನಗರಕ್ಕೆ ತಂದ ಈ ಹಕ್ಕಿಯ ಮೇಲೆ ಅಲ್ಲಿನ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ ದಶಕಗಳ ಕಾಲ ಕೆಲಸ ಮಾಡಿ ಕಾರಿ ಉತ್ತಮ್, ಕಾರಿ ಉಜ್ವಲ್, ಕಾರಿ ಶ್ವೇತಾ ಮುಂತಾದ ತಳಿಗಳನ್ನು ಹೊರತಂದಿತು. ಬೆಳೆದ ಹಕ್ಕಿ 150ರಿಂದ 200 ಗ್ರಾಂ ತೂಗುತ್ತದೆ. ಮೊಟ್ಟೆ ಹತ್ತು ಗ್ರಾಂ ಆಸುಪಾಸು. ಹದಿನೇಳು ಹದಿನೆಂಟು ದಿನಕ್ಕೆ ಮರಿ ಹೊರಬರುತ್ತದೆ. ಬಂದಾಗ ಅದರ ತೂಕ ಏಳೆಂಟು ಗ್ರಾಂ. ಅಷ್ಟು ಪುಟ್ಟದಾದ್ದರಿಂದಲೇ ನೀರಿನ ತಟ್ಟೆಗೆ ಗೋಲಿಯೋ ಕಲ್ಲೋ ತುಂಬದಿದ್ದರೆ ಮರಿ ಅದರಲ್ಲೇ ಮುಳುಗಿ ಸಾಯುತ್ತದೆ. ಮೂರು ವಾರಕ್ಕೆ ಗಂಡು ಹೆಣ್ಣು ಗುರುತು ಹತ್ತುತ್ತದೆ: ಗಂಡಿನ ಎದೆ ತುಕ್ಕುಗೆಂಪು, ಹೆಣ್ಣಿನ ಎದೆಯ ಮೇಲೆ ಕಪ್ಪು ಚುಕ್ಕಿ.

ಈ ಹಕ್ಕಿಗೆ ಸರ್ಕಾರಿ ಪುಸ್ತಕಗಳು ಎಷ್ಟು ಜಾಗ ಕೊಟ್ಟಿವೆ ಎಂಬುದನ್ನು ನೋಡಿದರೆ ಬಯಲುಗೂಡಿನ ಪರವಾದ ವಾದ ಅರ್ಧ ಗೆದ್ದಂತೆಯೇ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಮಾರ್ಗಸೂಚಿಯ ಪ್ರಕಾರ ಹಾಸಿನ ಮೇಲೆ ಸಾಕುವುದಾದರೆ ಒಂದು ಚದರ ಅಡಿಗೆ ಆರು ಹಕ್ಕಿ. ಪಂಜರವಾದರೆ ಮೊದಲ ಎರಡು ವಾರ ಮೂರಡಿ ಉದ್ದ, ಎರಡೂವರೆ ಅಡಿ ಅಗಲದ ಗೂಡಿನಲ್ಲಿ ನೂರು ಮರಿ. ಮೂರನೆಯ ವಾರದಿಂದ ಆರನೆಯ ವಾರದವರೆಗೆ ನಾಲ್ಕಡಿ ಉದ್ದ, ಎರಡೂವರೆ ಅಡಿ ಅಗಲದ ಗೂಡಿನಲ್ಲಿ ಐವತ್ತು. ಗೂಡಿನ ಮೇಲೆ ಗೂಡು ಇಟ್ಟು ಆರು ಅಂತಸ್ತಿನವರೆಗೂ ಏರಿಸಬಹುದು. ಚದರ ಅಡಿಗೆ ಆರು ಎಂದರೆ ತಲೆಗೆ 155 ಚದರ ಸೆಂಟಿಮೀಟರ್. ಕಚೇರಿಯ ಒಂದು ಎ4 ಹಾಳೆಯ ಮೇಲೆ ನಾಲ್ಕು ಹಕ್ಕಿ ನಿಲ್ಲಿಸಿದ ಲೆಕ್ಕ. ಮೊಟ್ಟೆಕೋಳಿಗೆ ಪಂಜರದಲ್ಲಿ ಹಾಳೆಯಷ್ಟೂ ಜಾಗವಿಲ್ಲ ಎಂಬ ವಾದ ನ್ಯಾಯಾಲಯಗಳವರೆಗೆ ಹೋಗಿ, 2017ರ ಜುಲೈನಲ್ಲಿ ಭಾರತದ ಕಾನೂನು ಆಯೋಗ ಅದರ ಮೇಲೊಂದು ವರದಿಯನ್ನೇ ಕೊಟ್ಟಿತು. ಆಯೋಗದ 269ನೆಯ ಆ ವರದಿಯ ಶೀರ್ಷಿಕೆಯಲ್ಲಿರುವುದು ಮೊಟ್ಟೆಕೋಳಿ ಮತ್ತು ಬ್ರಾಯ್ಲರ್ ಕೋಳಿ. ಅಂಗೈ ಗಾತ್ರದ ಗೌಜಲಿನ ಪರವಾಗಿ ಅಂಥ ಗಲಾಟೆ ಎದ್ದಿಲ್ಲ. ಹಕ್ಕಿ ಚಿಕ್ಕದಾದರೆ ಅದರ ಕಷ್ಟವೂ ಚಿಕ್ಕದು ಎಂದು ಬಗೆದಂತಿದೆ.

ಪಂಜರಕ್ಕೆ ಸಲ್ಲಬೇಕಾದ ಮೆಚ್ಚುಗೆಯೂ ಒಂದಿದೆ. ಅಲ್ಲಿ ಹಿಕ್ಕೆ ತಂತಿಯ ಸಂದಿನಿಂದ ಕೆಳಗೆ ಬೀಳುತ್ತದೆ, ಹಕ್ಕಿ ತನ್ನ ಹಿಕ್ಕೆಯನ್ನು ತಾನೇ ಕೆದಕಿ ತಿನ್ನುವುದಿಲ್ಲ. ಗೌಜಲಿಗೆ ಅಂಟುವ ಕರುಳುಹುಣ್ಣಿನ ರೋಗಕ್ಕೆ ಪಶುವೈದ್ಯರ ಪುಸ್ತಕದಲ್ಲಿ ‘ಕ್ವೇಲ್ ಡಿಸೀಸ್’ ಎಂಬ ಹೆಸರೇ ಇದೆ. ಅದು ಹರಡುವುದು ಹಿಕ್ಕೆಯ ಮೂಲಕ. ಅದರ ಬೀಜಾಣು ಮಣ್ಣಿನಲ್ಲಿ ಬಹುಕಾಲ ಬದುಕಿರುತ್ತದೆ. ರಕ್ತಭೇದಿ ತರುವ ಕಾಕ್ಸಿಡಿಯೋಸಿಸ್ ಕೂಡ ಒದ್ದೆ ನೆಲದ ಕಾಯಿಲೆ. ಅಂದರೆ ಹಕ್ಕಿಯನ್ನು ಪಂಜರದಿಂದ ಇಳಿಸಿ ಮಣ್ಣಿಗೆ ಬಿಟ್ಟವರು ಅದರ ಕಾಲಿಗೆ ಸುಖ ಕೊಟ್ಟರು, ಕರುಳಿಗೆ ಅಪಾಯ ತಂದರು. ಈ ಎರಡರ ನಡುವಿನ ತೂಕ ನಿರ್ಧಾರವಾಗುವುದು ಗೂಡಿನ ನೆಲದಲ್ಲಿ. ಬಯಲುಗೂಡು ಕಟ್ಟುವವರು ಅತಿ ಕಡಿಮೆ ಗಮನ ಕೊಡುವುದೂ ಆ ನೆಲಕ್ಕೇ.

ಎಲ್ಲರ ಕಣ್ಣು ಇರುವುದು ಎತ್ತರದ ಮೇಲೆ. ಪಕ್ಷಿಮನೆ ಎಂದರೆ ಕರ್ನಾಟಕದ ಬಹಳ ಜನರಿಗೆ ನೆನಪಾಗುವುದು ಮೈಸೂರಿನ ಕಾರಂಜಿ ಕೆರೆಯದು. ಸುಮಾರು ಅರವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಎತ್ತರ, ಒಳಗೆ ಜನ ಓಡಾಡುವ ದಾರಿ. ಮರದ ಮೇಲೆ ಕೂರುವ, ರೆಕ್ಕೆ ಬಿಚ್ಚಿ ಹಾರುವ ಹಕ್ಕಿಗೆ ಅದು ಸರಿ. ಗೌಜಲು ಕೊಂಬೆಯ ಮೇಲೆ ಕೂರುವುದೇ ಇಲ್ಲ. ಅದು ನಡೆಯುವುದು, ಮೇಯುವುದು, ಮಣ್ಣಿನಲ್ಲಿ ಹೊರಳಾಡುವುದು, ಮಲಗುವುದು, ಮೊಟ್ಟೆಯಿಡುವುದು ಎಲ್ಲ ನೆಲದಲ್ಲೇ. ಇದಕ್ಕೊಂದು ವಿಚಿತ್ರ ಸಾಕ್ಷಿ ಆಕಾಶದಲ್ಲೇ ಸಿಕ್ಕಿತು. 1990ರ ಮಾರ್ಚ್‌ನಲ್ಲಿ ಸೋವಿಯತ್ ಒಕ್ಕೂಟದ ಮಿರ್ ಬಾಹ್ಯಾಕಾಶ ನಿಲ್ದಾಣದಲ್ಲಿ ಜಪಾನಿ ಕ್ವೇಲ್ ಮರಿಗಳು ಮೊಟ್ಟೆಯೊಡೆದು ಹೊರಬಂದವು. ಭೂಮಿಯ ಸೆಳೆತವಿಲ್ಲದ ಕಡೆ ಕಾಲೂರಲು ನೆಲ ಸಿಗದೆ, ತೇಲುತ್ತ, ತಾವಾಗಿ ತಿನ್ನಲೂ ಆಗದೆ ಒದ್ದಾಡಿದವು.

ಎತ್ತರಕ್ಕೂ ಗೌಜಲಿಗೂ ಸಂಬಂಧವೇ ಇಲ್ಲವೆಂದಲ್ಲ. ಬೆದರಿದ ಗೌಜಲು ಓಡುವ ಬದಲು ನೆಟ್ಟಗೆ ಮೇಲಕ್ಕೆ ಚಿಮ್ಮುತ್ತದೆ. ಮೇಲೆ ಗಟ್ಟಿ ತಂತಿಯೋ ಶೀಟೋ ಇದ್ದರೆ ತಲೆ ಒಡೆದುಕೊಳ್ಳುತ್ತದೆ. ಅದಕ್ಕೇ ಪಂಜರದವರು ಚಿಮ್ಮಲು ವೇಗವೇ ಸಿಗದಂತೆ ಗೂಡಿನ ಸೂರನ್ನು ಅಡಿ, ಒಂದೂವರೆ ಅಡಿಗೆ ಇಳಿಸುತ್ತಾರೆ. ಬಯಲುಗೂಡು ಆಳು ನಿಲ್ಲುವಷ್ಟು, ಅಂದರೆ ಆರಡಿಗೆ ಮೇಲ್ಪಟ್ಟು ಇದ್ದರೆ ಹಕ್ಕಿ ಮೇಲೆ ಮುಟ್ಟುವಷ್ಟರಲ್ಲಿ ರಭಸ ಕುಗ್ಗಿರುತ್ತದೆ. ಕೆಟ್ಟದ್ದೆಂದರೆ ನಡುವಿನ ಎತ್ತರ. ಹಳೆಯ ಕೋಳಿಗೂಡನ್ನೋ ನಾಯಿಗೂಡನ್ನೋ ಗೌಜಲಿಗೆ ಒಗ್ಗಿಸಿದಲ್ಲಿ ಇರುವುದು ಈ ಮೂರು ನಾಲ್ಕು ಅಡಿಯೇ. ಅಂಥ ಕಡೆ ಶೀಟಿನ ಕೆಳಗೆ ಶೇಡ್‌ನೆಟ್ಟನ್ನು ಸಡಿಲವಾಗಿ ಜೋತುಬಿಟ್ಟರೆ ಬಹಳ ತಲೆಗಳು ಉಳಿಯುತ್ತವೆ. ಖರ್ಚೂ ಅಷ್ಟಕ್ಕಷ್ಟೇ.

ನೆಲದ ಮಾತಿಗೆ ಬಂದರೆ ತೆಂಗಿನ ಸೀಮೆಯ ಅನುಕೂಲವೂ ಅನನುಕೂಲವೂ ಒಟ್ಟಿಗೇ ಎದುರಾಗುತ್ತವೆ. ತೋಟವೆಂದರೆ ನೀರು ಹಾಯಿಸುವ ಜಾಗ. ಹೇಮಾವತಿ ನಾಲೆಯ ನೀರು ಕೆರೆಗೆ ಬಂದ ಊರುಗಳಲ್ಲಿ, ಸಂಪಿಗೆ, ತುರುವೇಕೆರೆ ಕಡೆಯ ತಗ್ಗಿನ ತೋಟಗಳಲ್ಲಿ, ತೆಂಗಿನ ನಡುವೆ ಅಡಿಕೆಯೂ ಬಾಳೆಯೂ ಇದ್ದರಂತೂ ನೆಲ ವರ್ಷದಲ್ಲಿ ಹಲವು ತಿಂಗಳು ತಣ್ಣಗೇ ಇರುತ್ತದೆ. ಬೇಸಿಗೆಯಲ್ಲಿ ಆ ತಂಪು ಹಕ್ಕಿಗೆ ಹಿತ. ಆದರೆ ಹಸ್ತ, ಚಿತ್ತೆ ಮಳೆ ಹಿಡಿದುಕೊಂಡಾಗ ಅದೇ ನೆಲ ರೋಗದ ಮಡು. ಆದ್ದರಿಂದ ತೋಟದ ನೆಲವನ್ನೇ ಗೂಡಿನ ನೆಲ ಮಾಡುವುದು ಮೊದಲ ತಪ್ಪು. ಒಂದಡಿಯಾದರೂ ಎತ್ತರಿಸಿ, ಅಂಚಿಗೆ ಸೈಜುಗಲ್ಲು ಕಟ್ಟಿ, ಕೆಳಗೆ ಜಲ್ಲಿ, ಮೇಲೆ ಮರಳು ತುಂಬಿದ ಜಗುಲಿಯೇ ಗೂಡಿನ ತಳವಾಗಬೇಕು. ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ಮಳೆ ತಾಗದ ಸೂರು ಇರಬೇಕು. ಉಳಿದ ಭಾಗಕ್ಕೆ ಬಿಸಿಲು ಬೀಳಬೇಕು. ಗರಿಯ ನಡುವೆ ಸೋಸಿ ಬರುವ ಬಿಸಿಲಾದರೂ ಸರಿ.

ಹಾಸಿಗೆ ಏನು ಎಂಬಲ್ಲಿ ಈ ಸೀಮೆಗೆ ಎದುರಿಲ್ಲ. ನಾರಿನ ಕಾರ್ಖಾನೆಗಳ ಪಕ್ಕ ಗುಡ್ಡ ಬಿದ್ದಿರುವ ತೆಂಗಿನ ಪುಡಿ ತನ್ನ ತೂಕದ ಹಲವು ಪಟ್ಟು ನೀರು ಹೀರುತ್ತದೆ, ಹಿಕ್ಕೆಯ ವಾಸನೆ ತಗ್ಗಿಸುತ್ತದೆ, ಗೌಜಲಿಗೆ ಹೊರಳಾಡಲೂ ಮೆತ್ತಗಿರುತ್ತದೆ. ಹೀರುವ ಈ ಗುಣವೇ ಮಳೆಯಲ್ಲಿ ಮುಳುವು. ಒಮ್ಮೆ ತೊಯ್ದ ಪುಡಿ ವಾರವಾದರೂ ಒಣಗದು. ಆದ್ದರಿಂದ ಪುಡಿ ಸೂರಿನ ಕೆಳಗೆ ಮಾತ್ರ, ಬಯಲ ಭಾಗಕ್ಕೆ ಮರಳು ಮಾತ್ರ. ತಿಂಗಳಿಗೊಮ್ಮೆ ಬದಲಿಸಿದ ಹಾಸು ತೆಂಗಿನ ಬುಡಕ್ಕೆ ಒಳ್ಳೆಯ ಗೊಬ್ಬರವೇ. ಆದರೆ ಅದನ್ನು ಗೂಡಿನ ಪಕ್ಕದಲ್ಲಿ ಗುಡ್ಡೆ ಹಾಕಿಬಿಟ್ಟರೆ ಕುರುವಾಯಿ ದುಂಬಿಗೆ ಹೆರಿಗೆ ಮನೆ ಕಟ್ಟಿಕೊಟ್ಟಂತೆ. ಅದರ ಮರಿಹುಳು ಬೆಳೆಯುವುದು ಕೊಳೆಯುವ ಗೊಬ್ಬರದಲ್ಲಿ, ದೊಡ್ಡದಾದ ದುಂಬಿ ಕೊರೆಯುವುದು ತೆಂಗಿನ ಸುಳಿಯನ್ನು. ಗೊಬ್ಬರದ ಗುಂಡಿಗೆ ಮೆಟಾರೈಜಿಯಂ ಶಿಲೀಂಧ್ರ ಹಾಕಿ ಎಂದು ತೆಂಗಿನ ವಿಜ್ಞಾನಿಗಳು ಹೇಳುತ್ತಲೇ ಬಂದಿದ್ದಾರೆ. ಗೌಜಲು ಸಾಕುವವರಿಗೆ ಆ ಮಾತು ಇಮ್ಮಡಿ ಅನ್ವಯ.

ಇನ್ನೊಂದು ಅಪಾಯ ಯಾವ ಪರದೇಶದ ಪುಸ್ತಕದಲ್ಲೂ ಸಿಗದು: ಮೇಲಿನಿಂದ ಬೀಳುವ ಕಾಯಿ. ಒಣಗಿದ ಗರಿಯೊಂದು ಬಿದ್ದರೂ ಮೆಶ್ ಹರಿಯುತ್ತದೆ, ಶೀಟು ಸೀಳುತ್ತದೆ. ಆ ರಾತ್ರಿಯೇ ಮುಂಗುಸಿಗೆ ದಾರಿ ಸಿಗುತ್ತದೆ. ಮೂವತ್ತಡಿ ಅಂತರದಲ್ಲಿ ನೆಟ್ಟ ತೋಟವಾದರೆ ನಾಲ್ಕು ಮರದ ಚೌಕದ ನಟ್ಟನಡುವೆ ಗೂಡಿಗೆ ಜಾಗ ಹುಡುಕಬೇಕು. ಅಲ್ಲಿಂದ ಯಾವ ಮರದ ಬುಡಕ್ಕೂ ಇಪ್ಪತ್ತೊಂದು ಅಡಿ. ಕಾಯಿ, ಗರಿ ಬೀಳುವುದು ಹೆಚ್ಚಾಗಿ ಬುಡದ ಸುತ್ತಲೇ. ಅಜ್ಜಂದಿರ ಕಾಲದ ಅಡ್ಡಾದಿಡ್ಡಿ ತೋಟಗಳಲ್ಲಿ ಇಂಥ ಚೌಕ ಸಿಗುವುದು ಕಷ್ಟ. ಅಲ್ಲಿ ತೋಟದ ಆಸೆ ಬಿಟ್ಟು ಮನೆಯ ಹಿತ್ತಿಲಿಗೆ ಬರುವುದೇ ಜಾಣತನ. ಹೆಣೆದ ಗರಿಯನ್ನೇ ಸೂರಿಗೆ ಹೊದಿಸುವವರಿದ್ದಾರೆ. ತಂಪೇನೋ ಹೌದು, ಆದರೆ ಇಲಿ ಸೇರಿಕೊಳ್ಳುತ್ತದೆ, ಇಲಿಯ ಹಿಂದೆ ಕೇರೆಹಾವು ಬರುತ್ತದೆ.

ಮೆಶ್‌ನಲ್ಲಿ ಮಾಡುವ ಉಳಿತಾಯದಷ್ಟು ದುಬಾರಿಯಾದ ಉಳಿತಾಯ ಬೇರೆಯಿಲ್ಲ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದು ಆರು ಮೂಲೆಯ ಕಣ್ಣಿನ ಕೋಳಿಜಾಲರಿ. ಅದು ಕೋಳಿ ಹೊರಗೆ ಹೋಗದಂತೆ ಮಾಡಿದ್ದೇ ಹೊರತು ಶತ್ರು ಒಳಗೆ ಬರದಂತೆ ಮಾಡಿದ್ದಲ್ಲ. ಸುಂಡಿಲಿ, ಹಾವಿನ ಮರಿ ನುಸುಳುತ್ತವೆ. ಬೆಕ್ಕು ಪಂಜ ತೂರಿಸಿ ಹಕ್ಕಿಯ ತಲೆ ಎಳೆಯುತ್ತದೆ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ಬೇಕು. ಹೆಗ್ಗಣ ತೋಡದಂತೆ ಅದು ಒಂದಡಿ ನೆಲದೊಳಗೂ ಇಳಿಯಬೇಕು. ಬಾಗಿಲಿಗೆ ಎರಡು ಅಂಕಣ ಬೇಕು, ಒಂದು ಮುಚ್ಚಿದ ಮೇಲೆ ಇನ್ನೊಂದು ತೆರೆಯುವಂತೆ. ಮರಿಗಳಿರುವ ಕಡೆ ಇರುವೆಯನ್ನೂ ಶತ್ರುವಿನ ಪಟ್ಟಿಗೆ ಸೇರಿಸಬೇಕು. ಇಷ್ಟೆಲ್ಲ ಸೇರಿದರೆ ಖರ್ಚಿನ ಬಹುಪಾಲು ಹಕ್ಕಿಗಲ್ಲ, ತಂತಿಗೆ ಹೋಗುತ್ತದೆ. ಇದನ್ನು ಮೊದಲೇ ಹೇಳದವರು ಗಿರಾಕಿ ಹುಡುಕುತ್ತಿದ್ದಾರೆಂದೇ ಅರ್ಥ.

ಲೆಕ್ಕದ ವಿಷಯದಲ್ಲೂ ಹಾಗೆಯೇ. ಕೈಪಿಡಿಗಳು ಹೆಣ್ಣೊಂದಕ್ಕೆ ವರ್ಷಕ್ಕೆ 250ರಿಂದ 300 ಮೊಟ್ಟೆ ಎನ್ನುತ್ತವೆ. ಆ ಅಂಕಿಯ ಹಿಂದೆ ದಿನಕ್ಕೆ 14ರಿಂದ 16 ಗಂಟೆಯ ಬೆಳಕಿದೆ. ತಿಪಟೂರು ಇರುವುದು ಹದಿಮೂರನೆಯ ಅಕ್ಷಾಂಶದ ಆಸುಪಾಸಿನಲ್ಲಿ. ಇಲ್ಲಿ ವರ್ಷದ ಅತಿ ದೀರ್ಘ ಹಗಲೂ ಹದಿಮೂರು ಗಂಟೆ ದಾಟುವುದಿಲ್ಲ. ಡಿಸೆಂಬರಿನಲ್ಲಿ ಅದು ಹನ್ನೊಂದೂವರೆಗಿಂತ ಕೆಳಗೆ ಇಳಿಯುತ್ತದೆ. ಬಲ್ಬಿಲ್ಲದ ಬಯಲುಗೂಡಿನಲ್ಲಿ ಕೈಪಿಡಿಯ ಮೊಟ್ಟೆ ನಿರೀಕ್ಷಿಸುವಂತೆಯೇ ಇಲ್ಲ, ಚಳಿಗಾಲದಲ್ಲಂತೂ ಗೂಡು ಬಹುತೇಕ ಬರಿದು. ಸಂಜೆ ಮೂರು ಗಂಟೆ ಕಾಲ ಎಲ್‌ಇಡಿ ಉರಿಸಿದರೆ ಸರಿಹೋಗುತ್ತದೆ ಎನ್ನಬಹುದು. ತೋಟದ ಮನೆಗೆ ಸಂಜೆ ಕರೆಂಟು ಇರುತ್ತದೆಂಬ ಭರವಸೆ ಇದ್ದವರಿಗೆ ಅದು ಒಳ್ಳೆಯ ಸಲಹೆ.

ಬೆಳಕು ಪೂರ್ತಿ ಸಿಕ್ಕಿತೆಂದೇ ಇಟ್ಟುಕೊಳ್ಳಿ. ಮೂವತ್ತು ಹಕ್ಕಿಯ ಗೂಡು, ಅದರಲ್ಲಿ ನಾಲ್ಕು ಹೆಣ್ಣಿಗೊಂದು ಗಂಡಿನಂತೆ 24 ಹೆಣ್ಣು, 6 ಗಂಡು. ಹಕ್ಕಿಗೆ ದಿನಕ್ಕೆ ಸುಮಾರು 30 ಗ್ರಾಂ ಮೇವೆಂದರೆ ಒಟ್ಟು 900 ಗ್ರಾಂ. ವರ್ಷಕ್ಕೆ 300ರ ಲೆಕ್ಕ ಹಿಡಿದರೂ ಸಿಗುವುದು ದಿನಕ್ಕೆ ಇಪ್ಪತ್ತು ಮೊಟ್ಟೆ, ತೂಕ 200 ಗ್ರಾಂ. ತೂಕದಲ್ಲಿ ನಾಲ್ಕು ಕೋಳಿಮೊಟ್ಟೆಗೆ ಸಮ. ತಿನ್ನಲಷ್ಟೇ ಮೊಟ್ಟೆ ಬೇಕಾದವರು ಗಂಡನ್ನು ಸಾಕಬೇಕಾದ್ದೂ ಇಲ್ಲ. ಗಂಡಿಲ್ಲದೆಯೂ ಹೆಣ್ಣು ಮೊಟ್ಟೆಯಿಡುತ್ತದೆ, ರಾತ್ರಿಯ ಕೂಗಾಟ ತಪ್ಪುತ್ತದೆ, ಹೆಣ್ಣಿನ ನೆತ್ತಿಯ ಗರಿಯೂ ಉಳಿಯುತ್ತದೆ. ಮೇವಿಗೆ ಮನೆಯ ಕೊಬ್ಬರಿ ಹಿಂಡಿ ಇದೆಯಲ್ಲ ಎನ್ನುವವರಿಗೆ ಎರಡು ತೊಡಕು. ಹಿಂಡಿಯಲ್ಲಿ ಪ್ರೋಟೀನು ನೂರಕ್ಕೆ ಇಪ್ಪತ್ತರ ಸುತ್ತಮುತ್ತ. ಮರಿಗೆ ಬೇಕಾದ್ದು ಇಪ್ಪತ್ತೇಳು. ಅಲ್ಲದೆ ತೇವ ತಗುಲಿದ ಹಿಂಡಿಯಲ್ಲಿ ಬೂಷ್ಟು ಬೆಳೆದರೆ ಅಫ್ಲಾಟಾಕ್ಸಿನ್ ವಿಷ. ಸ್ವಲ್ಪ ಬೆರೆಸಬಹುದು, ಅದನ್ನೇ ನಂಬುವಂತಿಲ್ಲ.

ಮೊಟ್ಟೆ ಆರಿಸುವುದೂ ಇಲ್ಲಿ ಬೇರೆ ಕೆಲಸ. ಕೋಳಿ ಬೆಳಗ್ಗೆ ಮೊಟ್ಟೆಯಿಟ್ಟರೆ ಗೌಜಲು ಇಡುವುದು ಹೆಚ್ಚಾಗಿ ಇಳಿಹೊತ್ತಿನಲ್ಲಿ, ಅದೂ ಗೂಡಿನ ಯಾವ ಮೂಲೆಯಲ್ಲಾದರೂ. ಮಚ್ಚೆಯ ಮೊಟ್ಟೆ ಒಣಗಿದ ಎಲೆಯ ನಡುವೆ ಕಣ್ಣಿಗೆ ಬೀಳದು. ದೀಪ ಹಚ್ಚುವ ಹೊತ್ತಿನಲ್ಲಿ ಟಾರ್ಚು ಹಿಡಿದು ಒಂದು ಸುತ್ತು ಹಾಕದಿದ್ದರೆ ಬೆಳಗಾಗುವಷ್ಟರಲ್ಲಿ ಇಲಿ ಆರಿಸಿರುತ್ತದೆ. ಸಾಕಿದ ಗೌಜಲು ಕಾವು ಕೂರುವುದನ್ನು ಬಹುತೇಕ ಮರೆತಿರುವುದರಿಂದ ಮರಿ ಬೇಕಾದರೆ ಇನ್‌ಕ್ಯುಬೇಟರು ಬೇಕು.

ಬಯಲುಗೂಡಿನ ಪರವಾಗಿ ಹೇಳುವ ಕೆಲವು ಮಾತು ಬರೀ ಗಾಳಿ. ಗೌಜಲು ಬಿಟ್ಟರೆ ತೋಟದ ಹುಳ ತಿನ್ನುತ್ತದೆ ಎಂಬುದು ಅದರಲ್ಲೊಂದು. ಗೂಡಿನೊಳಗಿನ ಗೆದ್ದಲು, ಸಣ್ಣ ಹುಳ ಹೆಕ್ಕುವುದು ನಿಜ. ಆದರೆ ತೆಂಗಿಗೆ ಕಾಟ ಕೊಡುವ ಕಪ್ಪುತಲೆ ಹುಳು ಇರುವುದು ಮರದ ಮೇಲೆ ಗರಿಯ ಅಡಿಯಲ್ಲಿ, ಕೆಂಪುಮೂತಿ ಹುಳು ಇರುವುದು ಕಾಂಡದ ಒಳಗೆ. ನೆಲದಲ್ಲೇ ಮೇಯುವ ಹಕ್ಕಿ ಇವಕ್ಕೆ ಏನು ಮಾಡೀತು?

ಹಕ್ಕಿ ತಪ್ಪಿಸಿಕೊಂಡರೆ ಹೋಗಲಿ ಬಿಡು, ಕಾಡಿಗೆ ಸೇರಿಕೊಳ್ಳುತ್ತದೆ ಎನ್ನುವುದು ಇನ್ನೊಂದು. ನಮ್ಮ ಹೊಲಗಳಿಗೆ ಚಳಿಗಾಲದಲ್ಲಿ ವಲಸೆ ಬರುವ ಕಾಡು ಗೌಜಲು ಜಪಾನಿ ಕ್ವೇಲಿಗೆ ಹತ್ತಿರದ ನೆಂಟ. ಯುರೋಪಿನಲ್ಲಿ ಬಿಟ್ಟ ಸಾಕುಹಕ್ಕಿ ಕಾಡುಹಕ್ಕಿಯೊಂದಿಗೆ ಬೆರಕೆಯಾದದ್ದು ದಾಖಲಾಗಿದೆ. ಇದಕ್ಕೆ ತಿರುಗುಮುರುಗಾಗಿ, ಹೊಲದ ಗೌಜಲನ್ನು ಹಿಡಿದು ತಂದು ಗೂಡಿಗೆ ಬಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಈ ಕಾಯ್ದೆಯ ನೆರಳು ಸಾಕುಹಕ್ಕಿಯ ಮೇಲೂ ಒಮ್ಮೆ ಬಿದ್ದಿತ್ತು. 2011ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಜಪಾನಿ ಕ್ವೇಲ್ ಸಾಕಣೆಗೆ ಹೊಸ ಪರವಾನಗಿ ಕೊಡಬೇಡಿ ಎಂದದ್ದರಿಂದ ಸಾಕುವವರು ದಿಕ್ಕೆಟ್ಟರು. ನಿರ್ಬಂಧ ಸಡಿಲಾದದ್ದು ಆಮೇಲೆ.

ಬಯಲಿನ ಗೂಡಿಗೆ ಬಯಲಿನ ಹಕ್ಕಿಗಳ ಸೋಂಕು ತಾಗುವ ಭಯವೂ ಇದ್ದದ್ದೇ. 2012ರ ಅಕ್ಟೋಬರಿನಲ್ಲಿ ಬೆಂಗಳೂರಿನ ಹೆಸರಘಟ್ಟದ ಕೇಂದ್ರ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲೇ ಟರ್ಕಿ ಕೋಳಿಗಳಿಗೆ ಹಕ್ಕಿಜ್ವರ ಬಂದು ಸಾವಿರಾರು ಹಕ್ಕಿಗಳನ್ನು ಕೊಲ್ಲಬೇಕಾಯಿತು. ಪರಿಣತರಿರುವ ಕಡೆಯೇ ಹೀಗಾದರೆ ಹಿತ್ತಿಲ ಗೂಡಿನವರು ನೀರಿನ ತಟ್ಟೆ, ಮೇವಿನ ತೊಟ್ಟಿಗಳನ್ನು ಸೂರಿನ ಕೆಳಗೆ, ಗುಬ್ಬಿ ಕಾಗೆಗೆ ಎಟುಕದಂತೆ ಇಡುವುದು ಕನಿಷ್ಠ ಎಚ್ಚರ. ನಾಟಿಕೋಳಿಯ ಜೊತೆ ಸೇರಿಸುವುದಂತೂ ಬೇಡ. ಅದರ ಕೊಕ್ಕರೆ ರೋಗ ಗೌಜಲಿಗೂ ದಾಟಬಲ್ಲದು. ಅದೇ 2012 ಇನ್ನೊಂದು ಕಾರಣಕ್ಕೂ ನೆನಪಿರಬೇಕು. ತಮಿಳುನಾಡಿನ ಪೆರುಂದುರೈಯಲ್ಲಿ ಮರಿ ಕೊಟ್ಟು ವಾಪಸು ಕೊಳ್ಳುತ್ತೇವೆಂದ ಎಮು ವ್ಯವಹಾರ ಮುಳುಗಿ, ಹಣ ಹೂಡಿದ ರೈತರು ಬೀದಿಗೆ ಬಿದ್ದದ್ದು ಆ ವರ್ಷವೇ. ಹಕ್ಕಿ ಬದಲಾಗಿದೆ, ಮರಿ ಮಾರುವವರ ಮಾತಿನ ಧಾಟಿ ಬದಲಾಗಿಲ್ಲ.

ಹಾಗಾದರೆ ಬಯಲುಗೂಡು ಬೇಡವೇ? ಬೇಕು, ಚಿಕ್ಕದಾಗಿ. ಎಂಟಡಿ ಉದ್ದ, ಆರಡಿ ಅಗಲ, ಆಳೆತ್ತರದ ಗೂಡು, ಒಣ ಜಗುಲಿ, ಒಂದೆರಡು ಕುಂಡದ ಗಿಡ, ಮೂವತ್ತು ಹೆಣ್ಣು ಹಕ್ಕಿ. ಕೈಪಿಡಿಯ ಚದರ ಅಡಿಯ ಲೆಕ್ಕದಲ್ಲಿ ಇದೇ ಜಾಗಕ್ಕೆ 288 ಹಕ್ಕಿ ತುಂಬಬಹುದು. ತುಂಬಿದ ದಿನ ಅದು ಬಯಲುಗೂಡಲ್ಲ, ಬಯಲಿನಲ್ಲಿಟ್ಟ ಪಂಜರ. ಮೂವತ್ತು ಹಕ್ಕಿಯ ಗೂಡು ಮನೆಮಂದಿಯ ತಟ್ಟೆಗೆ ಮೊಟ್ಟೆ ಹಾಕುತ್ತದೆ, ಮಕ್ಕಳ ಕಣ್ಣಿಗೆ ಹಕ್ಕಿಯ ನಿಜವಾದ ನಡವಳಿಕೆ ತೋರಿಸುತ್ತದೆ. ಕೊಬ್ಬರಿಯ ಬೆಲೆ ಬಿದ್ದಾಗ ಸಂಸಾರ ಎತ್ತುವ ಶಕ್ತಿ ಅದಕ್ಕಿಲ್ಲ. ಐನೂರು ಸಾವಿರ ಹಕ್ಕಿ ಸಾಕಿ ಹೆದ್ದಾರಿಯ ಡಾಬಾಗಳಿಗೆ ಮಾಂಸ ಕೊಡಬೇಕೆನ್ನುವವರು ತೋಟ ಬಿಟ್ಟು ಗಾಳಿ ಬೆಳಕಿನ ಶೆಡ್ ಕಟ್ಟಬೇಕು, ಅಲ್ಲಿಯೂ ಆ ಎ4 ಹಾಳೆಯ ಲೆಕ್ಕವನ್ನು ಕೈಬಿಡಬೇಕು.

ತಿಪಟೂರಿನ ಪಕ್ಕದಲ್ಲೇ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಅದರ ಅಂಗಳದಲ್ಲಿ ಇಂಥದೊಂದು ಮೂವತ್ತು ಹಕ್ಕಿಯ ಗೂಡು ಕಟ್ಟಿ, ಎರಡು ಮಳೆಗಾಲ ದಾಟಿಸಿ, ತಿಂದ ಮೇವು, ಇಟ್ಟ ಮೊಟ್ಟೆ, ಸತ್ತ ಹಕ್ಕಿ, ತಂತಿಗೆ ಆದ ಖರ್ಚು ಎಲ್ಲವನ್ನೂ ತಿಂಗಳ ಲೆಕ್ಕದಲ್ಲಿ ಬರೆದು ಬಾಗಿಲಿಗೆ ತೂಗುಹಾಕಲಿ. ಅಲ್ಲಿಯತನಕ ಮುಂಗಡ ಕೊಟ್ಟು ಮರಿ ತರುವ ಅವಸರ ಯಾರೂ ಮಾಡದಿರಲಿ.